ಸಹಾಯ ಬೇಕು: 12ನೇ ತರಗತಿ ಇಂಗ್ಲಿಷ್, ನೋಟ್ ಮೇಕಿಂಗ್ ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ 12ನೇ ತರಗತಿ. ಇಂಗ್ಲಿಷ್ ಪಾಠಕ್ಕೆ ಮನೆಯಲ್ಲಿ ನಾನೇ ಟೀಚರ್.

ಗ್ರಾಮರ್ ಹೇಗೋ ನಡೆಯುತ್ತಿದೆ. ಆಕ್ಟಿವ್ ವಾಯ್ಸನ್ನು ಪ್ಯಾಸಿವ್‌ಗೆ ಸಲೀಸಾಗಿ ಬದಲಾಯಿಸುತ್ತಾಳೆ. ರಿಪೋರ್ಟೆಡ್ ಸ್ಪೀಚ್‌ನಲ್ಲಿ 'ಟುಮಾರೊ' ಇದ್ದದ್ದು 'ದ ನೆಕ್ಸ್ಟ್ ಡೇ' ಆಗಬೇಕು ಅನ್ನುವುದನ್ನು ಆಗಾಗ ಮರೆಯುತ್ತಾಳೆ, ಅಷ್ಟೇ.

ನಿಜವಾದ ಕಷ್ಟ ನೋಟ್ ಮೇಕಿಂಗ್ (ಓದಿದ್ದನ್ನು ಚಿಕ್ಕ ಟಿಪ್ಪಣಿಯಾಗಿ ಬರೆಯುವುದು) ಮತ್ತು ಸಾರಾಂಶದಲ್ಲಿ. ಹೊಸ ಪ್ಯಾಸೇಜ್ ಕೊಟ್ಟರೆ ಅದರ ವಾಕ್ಯಗಳನ್ನೇ ಎತ್ತಿ ಬರೆದುಬಿಡುತ್ತಾಳೆ. ಮೇಲೊಂದು ತಲೆಬರಹ, ಅದರ ಕೆಳಗೆ ಚಿಕ್ಕ ತಲೆಬರಹಗಳು, ಪೂರ್ತಿ ವಾಕ್ಯದ ಬದಲು ಎರಡು ಮೂರು ಪದ, ಓದುವವರಿಗೆ ಅರ್ಥವಾಗುವಂಥ ಶಾರ್ಟ್ ಫಾರ್ಮ್. ಇಷ್ಟೆಲ್ಲ ಹೇಳಿಕೊಟ್ಟಿದ್ದೇನೆ. ಆದರೆ ಯಾವುದು ಮುಖ್ಯ ವಿಷಯ, ಯಾವುದು ಬರೀ ಉದಾಹರಣೆ ಅಂತ ಬೇರೆ ಮಾಡಲು ಅವಳಿಗೆ ಬರುವುದಿಲ್ಲ. 300 ಪದವನ್ನು 100ಕ್ಕೆ ಇಳಿಸು ಅಂದರೆ ಮೊದಲ 100 ಪದ ಬರೆದು ಪೆನ್ನು ಕೆಳಗಿಡುತ್ತಾಳೆ! ಇದು ಇಂಗ್ಲಿಷ್‌ನ ತೊಂದರೆಯೇ ಅಲ್ಲ ಅಂತ ನನಗನಿಸುತ್ತದೆ. ಕನ್ನಡದಲ್ಲಿ ಕೊಟ್ಟು ನೋಡಿದೆ, ಅಲ್ಲೂ ಇದೇ ಕಥೆ.

ಪದ್ಯದ ಬಗ್ಗೆಯೂ ಒಂದು ಮಾತು. ಸಿಮಿಲಿ (ಉಪಮೆ), ಮೆಟಫರ್ (ರೂಪಕ) ತಕ್ಷಣ ಗುರುತಿಸುತ್ತಾಳೆ. ಕವಿ ಅದನ್ನು ಅಲ್ಲಿ ಯಾಕೆ ತಂದರು ಅಂತ ಕೇಳಿದರೆ ಸುಮ್ನೆ ಕೂರುತ್ತಾಳೆ.

ಗೈಡ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ, ಮನೆಯಲ್ಲಿ ಈಗಾಗಲೇ ಎರಡಿವೆ. ಈ ಪಾಠ ಮಾಡುವ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ, ನೋಟ್ ಮೇಕಿಂಗ್‌ಗೆ ಮೊದಲ ವಾರ ಯಾವ ಅಭ್ಯಾಸ ಮಾಡಿಸುತ್ತೀರಿ ಅಂತ ದಯವಿಟ್ಟು ತಿಳಿಸಿ.