ಬಾಡಿಗೆದಾರರ ಸಂಘ ನಡೆಸಿದ ಮಾಸ್ತರರ ಟ್ರಂಕು: ಏನು ಉಳಿಸಬೇಕು?

ಲಾಲ್‌ಬಾಗ್ ಚಾಳ್:
ಮುಂಬಯಿಯ ನಮ್ಮ ಚಾಳಿನ (ಸಾಲು ಕೋಣೆಗಳ ಹಳೆಯ ಬಾಡಿಗೆ ಕಟ್ಟಡದ) ಬಾಡಿಗೆದಾರರ ಸಂಘ ಕಟ್ಟಿದ ಮಾಸ್ತರರು ತೀರಿಕೊಂಡರು. ಕುಂದಾಪುರ ಕಡೆಯವರು. ಯಾರ ನಲ್ಲಿ ನಿಂತರೂ, ಯಾರ ಬಾಡಿಗೆ ಪಾವತಿ (ರಸೀದಿ) ತಡೆದರೂ ಚಾಳಿನವರು ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲು. ಕಟ್ಟಡ 1940ಕ್ಕಿಂತ ಹಿಂದಿನದು, ಪಗಡಿಯದು (ಮೊದಲು ದೊಡ್ಡ ಮೊತ್ತ ಕೊಟ್ಟು ಆಮೇಲೆ ಸಣ್ಣ ಬಾಡಿಗೆಗೆ ಇರುವ ಪದ್ಧತಿ), ದುರಸ್ತಿಗೆಂದು ಸೆಸ್ (ತೆರಿಗೆ) ಕಟ್ಟುವಂಥದ್ದು. ಅವರ ಹೆಸರಲ್ಲಿ ಜಿನೆಯ (ಮೆಟ್ಟಿಲಿನ) ಬಳಿ ಫಲಕ ಹಾಕಬೇಕೆಂಬ ಆಸೆ ಎಲ್ಲರಿಗೂ ಇದೆ. ಟ್ರಂಕಿನ ತುಂಬ ಹಳೆಯ ಬಾಡಿಗೆ ಪಾವತಿ, ನೋಟಿಸು, ಸಭೆಯ ಪುಸ್ತಕಗಳಿವೆ. ಪ್ರತಿ ಪಾವತಿಯ ಹಿಂದೆ ಪೆನ್ಸಿಲಿನಲ್ಲಿ ಖೋಲಿ (ಕೋಣೆ) ನಂಬರು, ದುಡ್ಡು ಕೊಟ್ಟವರ ಹೆಸರು, ತಾರೀಕು ಬರೆದಿಟ್ಟಿದ್ದಾರೆ. ಮಳೆಗಾಲಕ್ಕೆ ಮೊದಲು ಖಾಲಿ ಮಾಡಬೇಕು. ಏನೇನು ಇಟ್ಟುಕೊಳ್ಳಬೇಕು? ಅವರ ಖೋಲಿಯ ಪಾವತಿ ಇನ್ನೂ ಅವರ ಹೆಸರಲ್ಲೇ ಇದೆ. ಜೊತೆಗಿದ್ದ ಮಗಳು ಏನು ಮಾಡಬೇಕು?

ಗಿರಗಾಂವ್‌ಕರ್:
ಒಂದು ಚೀಟಿಯನ್ನೂ ರದ್ದಿಗೆ ಹಾಕಬೇಡಿ. ಮೊದಲು 1996ರ ಜೂನ್ 13ಕ್ಕಿಂತ ಹಿಂದಿನ ಪಾವತಿಗಳನ್ನು ಬೇರೆ ಮಾಡಿ. ಮುಂಬಯಿಯ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಲ್ಲಿ ಸೆಸ್ ಕಟ್ಟಡಗಳಿಗೆ ಅನ್ವಯಿಸುವ ನಿಯಮ 33(7)ರಡಿ ಕಟ್ಟಡ ಮರುನಿರ್ಮಾಣಕ್ಕೆ ಹೋದರೆ, ಆ ದಿನದ ನಂತರ ಹುಟ್ಟಿದ ಹೊಸ ಬಾಡಿಗೆದಾರಿಕೆ ಲೆಕ್ಕಕ್ಕೆ ಬರುವುದಿಲ್ಲ. ಒಂದು ಖೋಲಿಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ ಕಡೆ ಜಗಳ ಶುರುವಾಗುವುದೇ ಇಲ್ಲಿಂದ. ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ದುರಸ್ತಿ ಮಂಡಳಿ ಬಾಡಿಗೆದಾರರ ಪಟ್ಟಿ ಪ್ರಮಾಣೀಕರಿಸುವಾಗ ಕೈಯಲ್ಲಿ ಇಂಥ ಕಾಗದ ಇರಬೇಕು. ಮನೆಗಾಗಿ ಬಾಡಿಗೆಗಿದ್ದು ಪಟ್ಟಿಗೆ ಸೇರಿದವರಿಗೆ ಕನಿಷ್ಠ 300 ಚದರಡಿ ಕಾರ್ಪೆಟ್ ಜಾಗ (ಗೋಡೆ ಬಿಟ್ಟು ಒಳಗಿನ ಅಳತೆ) ಸಿಗುತ್ತದೆ.

ತಿಂಗಳ ಪ್ರಕಾರ ಜೋಡಿಸಬೇಡಿ, ಖೋಲಿವಾರು ಜೋಡಿಸಿ. ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ಬಿಡಿಸಿ, ಎಳೆದರೆ ಪಾವತಿ ನಂಬರು ಇರುವ ಮೂಲೆಯೇ ಹರಿಯುತ್ತದೆ. ಸೆಲ್ಲೋಟೇಪ್ ಹಚ್ಚಬೇಡಿ, ಹಳದಿ ಕಲೆ ಬಿಟ್ಟು ಅಕ್ಷರ ನುಂಗುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಆಮೇಲೆ ಬಿಡಿಸಲಾಗದು. 300 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ. ಹಿಂದಿನ ಪೆನ್ಸಿಲ್ ಬರಹವೇ ಈ ಟ್ರಂಕಿನ ಚಿನ್ನ, ಆ ಖೋಲಿಯ ಬಾಡಿಗೆಯನ್ನು ಯಾರು ತಂದುಕೊಡುತ್ತಿದ್ದರು ಎಂಬುದು ಅಲ್ಲಿದೆ.

ಮಾಟುಂಗಾ ವಕೀಲ:
ಮಗಳ ವಿಷಯ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಕಲಂ 7(15)(ಡಿ) ನೋಡಿ. ಬಾಡಿಗೆದಾರ ತೀರಿಕೊಂಡಾಗ ಜೊತೆಯಲ್ಲಿ ವಾಸವಿದ್ದ ಕುಟುಂಬದವರು ಬಾಡಿಗೆದಾರರಾಗುತ್ತಾರೆ. ಅಂಥವರು ಇಲ್ಲದಿದ್ದರೆ ಮಾತ್ರ ಬೇರೆ ವಾರಸುದಾರರು. ಅಣ್ಣತಮ್ಮಂದಿರಲ್ಲಿ ಒಪ್ಪಂದವಾಗದಿದ್ದರೆ ಕೋರ್ಟು ತೀರ್ಮಾನಿಸುತ್ತದೆ. ಹಾಗಾಗಿ ಈಗಲೇ ಎಲ್ಲರಿಂದ ಬರೆಸಿಕೊಳ್ಳಲಿ.

ಮರಣ ಪ್ರಮಾಣಪತ್ರ, ರೇಷನ್ ಕಾರ್ಡು, ಮತದಾರರ ಪಟ್ಟಿಯ ಪುಟ, ಅದೇ ವಿಳಾಸದ ಬ್ಯಾಂಕ್ ಪಾಸ್‌ಬುಕ್ಕು ಸೇರಿಸಿ ಮಾಲೀಕರಿಗೆ ಲಿಖಿತ ಅರ್ಜಿ ಕೊಡಿ, ಪ್ರತಿಯ ಮೇಲೆ ಸಹಿ ಪಡೆಯಿರಿ. ಇದು ಪಗಡಿ ಮಾರಾಟವಲ್ಲ, ಮಾರಾಟದಲ್ಲಿ ಮಾಲೀಕರು ಕೇಳುವ ಪಾಲಿನ ಮಾತನ್ನು ಇಲ್ಲಿ ಒಪ್ಪಬೇಡಿ.

ಹೆಸರು ಬದಲಾಗುವ ತನಕ ಬಾಡಿಗೆ ನಿಲ್ಲಿಸಿಬಿಡುತ್ತಾರೆ, ಅದು ದೊಡ್ಡ ಅಪಾಯ. ಮಾಲೀಕ ತೆಗೆದುಕೊಳ್ಳದಿದ್ದರೆ ಚೆಕ್ಕನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, 'ನಿರಾಕರಿಸಲಾಗಿದೆ' ಎಂದು ವಾಪಸು ಬಂದ ಲಕೋಟೆಯನ್ನು ಒಡೆಯದೆ ಇಡಿ. ಬಾಕಿಯ ನೋಟಿಸು ಬಂದರೆ ಕಲಂ 15ರಂತೆ 90 ದಿನದ ಅವಕಾಶವಿದೆ, ಅದರೊಳಗೆ ಕಟ್ಟಿಬಿಡಿ. ದಾವೆಗೆ ಹೋದ ಮೇಲಾದರೆ ವರ್ಷಕ್ಕೆ ಶೇ. 15 ಬಡ್ಡಿ, ಖರ್ಚು ಎಲ್ಲ ಸೇರುತ್ತದೆ.

ಪರೇಲ್ ಸಂಘ:
ಫಲಕ ಹಾಕಿ, ಹಾಕಲೇಬೇಕು. ಅದರ ಕೆಳಗೆ ಗಾಜಿನ ನೋಟಿಸ್ ಪೆಟ್ಟಿಗೆಯೂ ಇರಲಿ. ಮಾಲೀಕ ನೀರು, ದೀಪ ಕಡಿಯುವಂತಿಲ್ಲ ಎನ್ನುವ ಕಲಂ 29, ಬಾಡಿಗೆ ಪಡೆದರೆ ಪಾವತಿ ಕೊಡಲೇಬೇಕು ಎನ್ನುವ ಕಲಂ 31, ಎರಡನ್ನೂ ಕನ್ನಡ, ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿ. ಮಾಸ್ತರರು ಬಾಯಲ್ಲಿ ಹೇಳುತ್ತಿದ್ದದ್ದು ಇನ್ನು ಗೋಡೆ ಹೇಳಲಿ.

ಅವರ ರಿಜಿಸ್ಟರನ್ನು ಮುಚ್ಚಬೇಡಿ. ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು ಅದೇ ಪುಸ್ತಕದಲ್ಲಿ ಮುಂದುವರಿಸಿ. ಮಹಡಿಗೊಬ್ಬರು ಪಾವತಿ ಬರೆಸಲಿ, ಬೀಗದ ಕೈ ಇಬ್ಬರ ಬಳಿ ಇರಲಿ. ಬಿಲ್ಡರ್ ಬಂದಾಗ ಮರುನಿರ್ಮಾಣಕ್ಕೆ ಶೇ. 51 ಬಾಡಿಗೆದಾರರ ಒಪ್ಪಿಗೆ ಸಾಕು, ಖಾಲಿ ಕಾಗದಕ್ಕೆ ಸಹಿ ಸಂಗ್ರಹಿಸುವವರು ಮೊದಲು ಮುಟ್ಟುವುದು ಒಂಟಿ ಮುದುಕರ ಖೋಲಿಗಳನ್ನೇ. ಆ ಖೋಲಿಗಳ ಪಟ್ಟಿ ಮಾಸ್ತರರ ಸಭೆಯ ಪುಸ್ತಕದಲ್ಲಿ ಇರುತ್ತದೆ, ಈ ವಾರವೇ ಹುಡುಕಿ ತೆಗೆಯಿರಿ.