ಅಧಿಕ ಜ್ಯೇಷ್ಠದ ವರ್ಷದಲ್ಲಿ ಕಸೂತಿ ಮತ್ತು ಮಣ್ಣಿನ ಕೆಲಸ: ಯುಗಾದಿಯ ಯೋಜನೆ ಹೇಗಿರಬೇಕು?

ಪ್ರಶ್ನೆ: ಧಾರವಾಡದ ಕಸೂತಿಗಾರ್ತಿ

ನಮ್ಮದು ಕೈಕೆಲಸವನ್ನೇ ನಂಬಿದ ಮನೆ. ನಾನು ಇಳಕಲ್ ಸೀರೆಗಳಿಗೆ ಕಸೂತಿ ಹಾಕುತ್ತೇನೆ. ಯಜಮಾನರು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ ಚೌತಿಗೆ ಗಣಪತಿ ಮೂರ್ತಿಗಳನ್ನೂ ಮಾಡುತ್ತಾರೆ. 2026ರ ಮಾರ್ಚ್ 19ರಂದು ಆರಂಭವಾಗುವ ಪರಾಭವ ಸಂವತ್ಸರದಲ್ಲಿ ನಿಜ ಜ್ಯೇಷ್ಠಕ್ಕೆ ಮೊದಲು ಹೆಚ್ಚುವರಿಯಾಗಿ ಅಧಿಕ ಜ್ಯೇಷ್ಠ ಮಾಸ ಬರುವುದರಿಂದ ಮೇ 17ರಿಂದ ಜೂನ್ 15ರವರೆಗೆ ಮದುವೆಗಳು ನಡೆಯುವುದಿಲ್ಲ, ನಿಜ ಜ್ಯೇಷ್ಠ ಮುಗಿದೊಡನೆ ಆಷಾಢವೂ ಬರುತ್ತದೆ. ಮದುವೆಯ ಸೀರೆಗಳೇ ನನ್ನ ಗಳಿಕೆಯ ಬಹುಪಾಲು.

ಈ ವರ್ಷಕ್ಕೆ ನನಗೆ ಎರಡು ಆಸೆಗಳಿವೆ. ತೇರು, ಗೋಪುರ, ಆನೆ ಅಂಬಾರಿ ಎಲ್ಲವೂ ಕೂಡಿದ ಒಂದು ಚಂದ್ರಕಾಳಿ ಸೀರೆಯನ್ನು, ಅಂದರೆ ಕಪ್ಪು ಸೀರೆಯನ್ನು, ಮಾರಾಟಕ್ಕಲ್ಲದೆ ಮನೆಗೆಂದೇ ಮಾಡಬೇಕು. ಅತ್ತೆಯವರ ಕೈಯಲ್ಲಿ ಮಾತ್ರ ಉಳಿದಿರುವ ಹಳೆಯ ಚಿತ್ತಾರಗಳನ್ನು, ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ಬಿಡುವಾಗುವ ಮಗಳು ಪುಸ್ತಕವೊಂದರಲ್ಲಿ ಬರೆದಿಡಬೇಕು. ಆದರೆ ಅಧಿಕ ಮಾಸದಲ್ಲಿ ಹೊಸ ಕೆಲಸ ಹಿಡಿಯಬಾರದೆಂದು ಅತ್ತೆಯವರು ಹಿಂಜರಿಯುತ್ತಿದ್ದಾರೆ. ಆ ತಿಂಗಳನ್ನು ನಮ್ಮ ಸ್ವಂತ ಕೆಲಸಕ್ಕೆ ಇಡುವುದು ಸರಿಯೇ, ಅಥವಾ ಮಣ್ಣಿನ ಕೆಲಸಕ್ಕೆ ನಾನೂ ಕೈಜೋಡಿಸಿ ಗಳಿಕೆಯನ್ನು ಸರಿದೂಗಿಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಬಾಗಲಕೋಟೆಯಿಂದ

ಅಕ್ಕನವರೇ, ಚಂದ್ರಕಾಳಿಯನ್ನು ಖಂಡಿತ ಅಧಿಕ ಮಾಸಕ್ಕೇ ಇಟ್ಟುಕೊಳ್ಳಿ, ಮುಂದಕ್ಕೆ ಹಾಕಬೇಡಿ. ಕಸೂತಿಗೆ ಬಟ್ಟೆಯ ಮೇಲೆ ಅಚ್ಚು ಹಾಕಿಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು ಎಂಬುದು ನಿಮಗೆ ತಿಳಿದದ್ದೇ. ಕಪ್ಪು ಬಟ್ಟೆಯಲ್ಲಿ ಆ ಎಳೆಗಳು ಕಾಣಬೇಕಾದರೆ ಒಳ್ಳೆಯ ಬೆಳಕು ಬೇಕು. ಮೇ ತಿಂಗಳ ಬಿಸಿಲಿನಲ್ಲಿ ಪಡಸಾಲೆಯಲ್ಲಿ ಕುಳಿತು ಸಲೀಸಾಗಿ ಮಾಡುವ ಕೆಲಸವನ್ನು ಆಷಾಢದ ಮೋಡದ ಮಬ್ಬಿನಲ್ಲಿ ಮಾಡಹೋದರೆ ಕಣ್ಣು ಸೋಲುತ್ತದೆ. ತಿಳಿ ಬಣ್ಣದ ಸೀರೆ, ಕುಪ್ಪಸಗಳನ್ನು ಮಳೆಗಾಲಕ್ಕೆ ಉಳಿಸಿಕೊಳ್ಳಿ.

ಪುಸ್ತಕದ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚೌಕುಳಿ ಕಾಗದದ ಮೇಲೆ ಚಿತ್ತಾರದ ಆಕಾರವನ್ನಷ್ಟೇ ಬರೆದರೆ ಮುಂದಿನವರಿಗೆ ಅರ್ಧ ವಿದ್ಯೆ ಮಾತ್ರ ಸಿಗುತ್ತದೆ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಒಂದಾದ ಗವಂತಿಯಲ್ಲಿ ಸೂಜಿ ಒಂದೊಂದು ಹೊಲಿಗೆ ಬಿಟ್ಟು ಮುಂದೆ ಹೋಗಿ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಹೊರಟಲ್ಲಿಗೇ ಬರಬೇಕು. ಗಂಟು ಹಾಕುವಂತಿಲ್ಲವಾದ್ದರಿಂದ ಕವಲುಗಳಿರುವ ತೇರಿನಂತಹ ಚಿತ್ತಾರದಲ್ಲಿ ಯಾವ ಕವಲನ್ನು ಮೊದಲು ಹಿಡಿಯಬೇಕೆಂಬುದೇ ನಿಜವಾದ ಜಾಣ್ಮೆ. ಆ ದಾರಿ ನಿಮ್ಮ ಅತ್ತೆಯವರ ಕೈಗೆ ಗೊತ್ತಿದೆ. ಅವರು ಹಾಕುವಾಗ ಮಗಳು ಪಕ್ಕದಲ್ಲಿ ಕುಳಿತು, ಪ್ರತಿ ಹೊಲಿಗೆಗೂ ಅಂಕಿ ಹಾಕಿ, ಹೋಗುವ ದಾರಿಗೆ ಒಂದು ಬಣ್ಣ, ಬರುವ ದಾರಿಗೆ ಇನ್ನೊಂದು ಬಣ್ಣ ಬಳಸಲಿ. ಅಂಕುಡೊಂಕಾಗಿ ಸಾಗುವ ಮುರ್ಗಿಗೂ ಇದೇ ಕ್ರಮ ಸಾಕು. ಅಡ್ಡಡ್ಡ ಹೆಣೆಯುವ ಮೆಂಥೆ ಸುಲಭ. ನೇಯ್ಗೆಯಂತೆ ಕಾಣುವ ನೇಗಿಗೆ ಮಾತ್ರ ಪ್ರತಿ ಸಾಲಿನಲ್ಲಿ ಎಷ್ಟು ಎಳೆ ಮೇಲೆ, ಎಷ್ಟು ಎಳೆ ಕೆಳಗೆ ಎಂಬ ಲೆಕ್ಕವನ್ನೇ ಬರೆಯಬೇಕಾಗುತ್ತದೆ.

ಉತ್ತರ 2: ಮಣ್ಣಿನ ಕೆಲಸದವನು, ಬೆಳಗಾವಿ ಕಡೆ

ನಿಮ್ಮ ಯಜಮಾನರಿಗೆ ಈ ಪಂಚಾಂಗ ಅನುಕೂಲಕರವಾಗಿದೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂದಿತ್ತು. 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಬರುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ನಿಜ ಜ್ಯೇಷ್ಠದ ಕೊನೆಗೆ, ಅಂದರೆ ಜುಲೈ 14ಕ್ಕೆ. ಕೆರೆಯ ನೀರು ಇಳಿದಿರುವ ಏಪ್ರಿಲ್–ಮೇ ತಿಂಗಳಲ್ಲೇ ಮಣ್ಣು ತಂದು, ಜರಡಿ ಹಿಡಿದು, ನೆನೆಹಾಕಿ, ಹತ್ತಿ ಬೆರೆಸಿ ತುಳಿದು ಹದ ಮಾಡಿಟ್ಟುಕೊಳ್ಳಲಿ. ದೊಡ್ಡ ಮೂರ್ತಿಗಳು ಮಳೆ ಬಲಿಯುವ ಮೊದಲು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತವೆ, ಜುಲೈನ ತೇವದಲ್ಲಿ ಒಳಗಿನ ಪಸೆ ಆರುವುದೇ ಇಲ್ಲ. ಎತ್ತುಗಳು ಚಿಕ್ಕವು, ಅವನ್ನು ಕೊನೆಯ ವಾರಗಳಲ್ಲಿ ಮಾಡಿದರೂ ನಡೆಯುತ್ತದೆ.

ಮಣ್ಣು ಹದ ಮಾಡುವಾಗ ನೀವು ಕೈ ಹಚ್ಚಿದರೆ ಅವರಿಗೆ ನೆರವಾದೀತು. ಆದರೆ ಅದು ಮೇ ಮಧ್ಯದೊಳಗೆ ಮುಗಿಯಬೇಕು. ಒರಟಾದ ಬೆರಳುಗಳಿಗೆ ದಾರ ಸಿಕ್ಕಿಕೊಳ್ಳುವುದನ್ನು ನನ್ನ ಮನೆಯಲ್ಲೇ ನೋಡಿದ್ದೇನೆ.

ಉತ್ತರ 3: ವಿಜಯಪುರದ ಹಿರಿಯರೊಬ್ಬರು

ತಂಗೀ, ನಿಮ್ಮ ಅತ್ತೆಯವರ ಹಿಂಜರಿಕೆಯನ್ನು ಗೌರವಿಸಿಯೇ ಹೇಳುತ್ತೇನೆ. ಅಧಿಕ ಮಾಸದಲ್ಲಿ ಬಿಡುವುದು ಮದುವೆ, ಮುಂಜಿವೆ, ಗೃಹಪ್ರವೇಶದಂತಹ ಮಂಗಲ ಕಾರ್ಯಗಳನ್ನು. ದಿನನಿತ್ಯದ ವೃತ್ತಿಗೆ ಅಡ್ಡಿಯಿಲ್ಲ. ಅವರಿಗೆ ಸಮಾಧಾನವಾಗಬೇಕೆಂದರೆ ಯುಗಾದಿಯ ದಿನ ಬೇವು-ಬೆಲ್ಲ ಹಂಚಿದ ಮೇಲೆ ಅವರ ಕೈಯಿಂದಲೇ ಚಂದ್ರಕಾಳಿಗೆ ಮೊದಲ ಹೊಲಿಗೆ ಹಾಕಿಸಿರಿ. ಆಗ ಅಧಿಕದಲ್ಲಿ ನಡೆಯುವುದು ಮುಂದುವರಿಕೆಯೇ ಹೊರತು ಆರಂಭವಲ್ಲ.

ಗಳಿಕೆಯ ಬಗ್ಗೆ ಇನ್ನೊಂದು ಸೂಚನೆ. ಅಧಿಕ ಮಾಸವನ್ನು ಪುರುಷೋತ್ತಮ ಮಾಸವೆಂದು ಕರೆದು 33ರ ಲೆಕ್ಕದಲ್ಲಿ ದಾನ ಕೊಡುವ, ಮಗಳು-ಅಳಿಯನನ್ನು ಕರೆದು ಬಾಗಿನ ಕೊಡುವ ರೂಢಿ ನಮ್ಮ ಕಡೆ ಗಟ್ಟಿಯಾಗಿದೆ. ಕಸೂತಿಯ ಕುಪ್ಪಸದ ಖಣಗಳನ್ನು ಚೈತ್ರ, ವೈಶಾಖದಲ್ಲೇ ಸಿದ್ಧಮಾಡಿಟ್ಟರೆ ಆಗ ಕೊಳ್ಳುವವರು ಸಿಗುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಯುಗಾದಿಯಂದೇ ಮೊದಲ ಹೊಲಿಗೆ ಹಾಕಲು ಅತ್ತೆಯವರು ಸಂತೋಷದಿಂದ ಒಪ್ಪಿದ್ದಾರೆ, ಗೋಪುರದಿಂದಲ್ಲ, ತುಳಸಿ ಕಟ್ಟೆಯಿಂದ ಆರಂಭವಾಗಲಿ ಎಂದೂ ಹೇಳಿದ್ದಾರೆ. ಬಾಗಿನದ ಖಣಗಳನ್ನು ವೈಶಾಖದೊಳಗೆ ಮುಗಿಸುತ್ತೇನೆ. ಮಣ್ಣಿಗೆ ಈ ಸಲ ಯಜಮಾನರ ತಮ್ಮಂದಿರು ಬರುತ್ತಾರೆ. ಬಾಗಲಕೋಟೆಯ ಅಕ್ಕನವರೇ, ಒಂದೇ ಕೂಡಿನಿಂದ ಮೂರು ಕವಲು ಹೊರಡುವಲ್ಲಿ ಅಂಕಿಗಳನ್ನು ಹೇಗೆ ಹಾಕಬೇಕೆಂದು ಮಗಳು ಕೇಳುತ್ತಿದ್ದಾಳೆ, ಒಂದು ಚಿಕ್ಕ ತೇರಿನ ಮಾದರಿ ಬರೆದು ತೋರಿಸಲು ಸಾಧ್ಯವೇ?