ಸಹಾಯ ಬೇಕು: ಥಂಡರ್‌ಬರ್ಡ್‌ನಲ್ಲಿರುವ ಹಳೇ ಮೇಲ್ ಫೋನಿಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿ ಗಂಜಿನಲ್ಲಿ ನಮ್ಮ ಕಾಕಾ ಅವರದು ತೊಗರಿ ಅಡತ್ ಅಂಗಡಿ. ಲೆಕ್ಕ, ಮೇಲ್ ಎಲ್ಲಾ ನನ್ನ ಪಾಲು. ಹೋದ ವಾರ ಆಡಿಟರ್ ಎರಡು ತಿಂಗಳ ಹಿಂದಿನ ಬಿಲ್ ಕೇಳಿದರು. ಫೋನಿನಲ್ಲಿ ಹುಡುಕಿದರೆ ಇಲ್ಲ! ಸ್ಪ್ಯಾಮ್, ಟ್ರ್ಯಾಶ್ ಎಲ್ಲಾ ಜಾಲಾಡಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ಮೇಲ್ ಓದುವ ಸಾಫ್ಟ್‌ವೇರ್ ಆದ ಥಂಡರ್‌ಬರ್ಡ್ ತೆರೆದರೆ ಅಲ್ಲಿ ಆರಾಮಾಗಿ ಕೂತಿದೆ.

ಅಕೌಂಟ್ ಸೆಟ್ಟಿಂಗ್ಸ್ ನೋಡಿದಾಗ ಗೊತ್ತಾಯಿತು. ಪೋರ್ಟ್ 995, ಅಂದರೆ ಪಾಪ್ (ಮೇಲನ್ನು ಸರ್ವರ್‌ನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ). ಇಳಿಸಿಕೊಂಡ ಮೇಲ್ 14 ದಿನ ಮಾತ್ರ ಸರ್ವರ್‌ನಲ್ಲಿರಲಿ ಅಂತ ಟಿಕ್ ಬೇರೆ ಇತ್ತು. ಅಕೌಂಟ್ ಹಾಕಿದವನು ನಾನೇ, ಯಾರಿಗೆ ಬೈಯಲಿ? ಟಿಕ್ ತೆಗೆದೆ. ಥಂಡರ್‌ಬರ್ಡ್ ಮುಚ್ಚಿ ಮೇಲ್, ಸೆಟ್ಟಿಂಗ್ ಎಲ್ಲಾ ಇರುವ ಅದರ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟೆ. ಆಮೇಲೆ ಅದೇ ವಿಳಾಸವನ್ನು ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಇದ್ದು ಫೋನ್, ಕಂಪ್ಯೂಟರ್ ಎರಡರಲ್ಲೂ ಕಾಣುವ ವಿಧಾನ) ಆಗಿ, 993 ಪೋರ್ಟ್ ಕೊಟ್ಟು, ಇನ್ನೊಂದು ಸಲ ಸೇರಿಸಿದೆ. ಹೊಸ ಮೇಲ್ ಈಗ ಎರಡೂ ಕಡೆ ಕಾಣುತ್ತಿದೆ.

ಸಿಕ್ಕಿಹಾಕಿಕೊಂಡಿರುವುದು ಹಳೆಯದರಲ್ಲಿ. ಸುಮಾರು 4000 ಮೇಲ್ ಇವೆ. ಸುಮ್ನೆ ನೋಡೋಣ ಅಂತ 20 ಮೇಲ್ ಆರಿಸಿ ಐಮ್ಯಾಪ್ ಫೋಲ್ಡರಿಗೆ ಕಾಪಿ ಮಾಡಿದೆ. ಫೋನಿಗೆ ಬಂದವು. ಆದರೆ ಪಟ್ಟಿಯಲ್ಲಿ ಎಲ್ಲದಕ್ಕೂ ಇವತ್ತಿನ ತಾರೀಖು! ತೆರೆದು ನೋಡಿದರೆ ಒಳಗೆ ಹಳೇ ತಾರೀಖು ಸರಿಯಾಗೇ ಇದೆ. 4000ವೂ ಹೀಗೇ ಬಂದರೆ ಬಿಲ್ ಹುಡುಕುವುದು ಹೇಗೆ ಅಲ್ವಾ?

ತಾರೀಖು ಕೆಡದಂತೆ ಕಾಪಿ ಮಾಡುವ ದಾರಿ ಇದೆಯಾ? ಕಾಪಿ ಮುಗಿದ ಮೇಲೆ ಪಾಪ್ ಅಕೌಂಟ್ ತೆಗೆದರೆ ಕಂಪ್ಯೂಟರಿನಲ್ಲಿರುವ ಮೇಲ್ ಹೋಗುತ್ತವಾ? ಮಾಡಿ ನೋಡಿದವರು ಹೇಳ್ರಿ.